ನೀರಿನಡಿಯ ಹಲಗೆಯನ್ನು ನೋಡುವವರು ಯಾರು?

ದೋಣಿ ಅಂದರೆ ನಮಗೆ ಮೊದಲು ನೆನಪಾಗುವುದು ಮಂಗಳೂರಿನ ಬಂದರು, ಉಳ್ಳಾಲದ ಅಳಿವೆ, ನೇತ್ರಾವತಿ ಮತ್ತು ಫಲ್ಗುಣಿಯ ಕಡವುಗಳು. ಸಿಂಧನೂರು, ಲಿಂಗಸುಗೂರು, ಮಸ್ಕಿ ಅಂದರೆ ಬಿಸಿಲು, ಭತ್ತದ ಗದ್ದೆ, ಹಟ್ಟಿಯ ಚಿನ್ನದ ಗಣಿ. ಅಲ್ಲಿಗೂ ದೋಣಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಕಾಶೆ ತೆಗೆದು ನೋಡಿ. ಈ ಮೂರು ತಾಲೂಕುಗಳಿರುವುದು ಎರಡು ದೊಡ್ಡ ನದಿಗಳ ಮಧ್ಯೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಹಳಬರು ಈ ಸೀಮೆಯನ್ನು ಎಡೆದೊರೆ ನಾಡು ಅಂತ ಕರೆದದ್ದೇ ಅದಕ್ಕೆ. ಲಿಂಗಸುಗೂರು ತಾಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಗಳ ಮೇಲೆ ಇಂದಿಗೂ ಜನ ವಾಸಿಸುತ್ತಾರೆ. ಅವರಿಗೆ ದೋಣಿ ಅನ್ನುವುದು ಪ್ರವಾಸದ ಮೋಜಲ್ಲ. ಅದು ದಿನಸಿ, ಆಸ್ಪತ್ರೆ, ಶಾಲೆ.

ವ್ಯಾಪಾರ, ನೌಕರಿ ಅಂತ ಘಟ್ಟ ಹತ್ತಿದ ನಮ್ಮವರು ಆ ಕಡೆಯ ಊರುಗಳಲ್ಲೂ ಓಡಾಡುತ್ತಾರೆ. ರಜೆ ಬಂದರೆ ಇಲ್ಲಿಂದ ಕುಟುಂಬ ಸಮೇತ ಹಂಪಿ, ಆನೆಗೊಂದಿ, ಸಾಣಾಪುರದ ಕೆರೆ ಅಂತ ಹೋಗಿ ಬುಟ್ಟಿಯಂಥ ಹರಿಗೋಲಿನಲ್ಲಿ ಕೂರುವವರೂ ಕಡಿಮೆಯಿಲ್ಲ. 'ನಾವು ಕಡಲ ಮಕ್ಕಳು, ಹೊಳೆ ನೀರು ನಮಗೇನು ಲೆಕ್ಕ' ಅನ್ನುವ ಧೈರ್ಯ ಬೇರೆ. ಆದರೆ ದೋಣಿಯಿಂದ ದೋಣಿಗೆ ನೀರಿನಡಿಯ ಭಾಗ ಬೇರೆ ಬೇರೆ. ಮೇಲಿನ ಬಣ್ಣ, ಹಾಯಿ, ಎಂಜಿನ್ ಎಲ್ಲರ ಕಣ್ಣಿಗೂ ಬೀಳುತ್ತದೆ. ದೋಣಿಯನ್ನು ದಾರಿ ತಪ್ಪದಂತೆ ಹಿಡಿದಿಡುವುದು ಮಾತ್ರ ಯಾರ ಕಣ್ಣಿಗೂ ಬೀಳದ ಒಂದು ಹಲಗೆ ಅಥವಾ ಒಂದು ಮರ. ಈ ವಾರ ಅದರ ಬಗ್ಗೆ ಸ್ವಲ್ಪ ಮಾತಾಡೋಣ.

ಹಲಸಿನ ಬೀಜದ ಲೆಕ್ಕ

ಗಾಳಿ ಹಿಂದಿನಿಂದ ಬೀಸಿದರೆ ಹಾಯಿದೋಣಿ ಮುಂದೆ ಹೋಗುತ್ತದೆ, ಅದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಗಾಳಿ ಪಕ್ಕದಿಂದ ಬೀಸಿದಾಗಲೂ, ಎದುರಿನಿಂದ ಓರೆಯಾಗಿ ಬೀಸಿದಾಗಲೂ ಹಾಯಿದೋಣಿ ಮುಂದೆಯೇ ಹೋಗುತ್ತದಲ್ಲ, ಅದು ಹೇಗೆ? ಚಪ್ಪಟೆ ತಳದ ಚಿಕ್ಕ ದೋಣಿಗೆ ಬರೀ ಹಾಯಿ ಕಟ್ಟಿ ಬಿಟ್ಟರೆ ಅದು ಏಡಿಯ ಹಾಗೆ ಅಡ್ಡಡ್ಡ ಜಾರಿ ದಡಕ್ಕೆ ಬಡಿಯುತ್ತದೆ. ಅದನ್ನು ತಡೆಯಲು ದೋಣಿಯ ನಟ್ಟನಡುವೆ ಒಂದು ಸೀಳು ಬಿಟ್ಟು, ಅದರೊಳಗಿಂದ ಒಂದು ಹಲಗೆಯನ್ನು ನೀರಿಗೆ ಇಳಿಸುತ್ತಾರೆ. ಇದೇ ನಡುಹಲಗೆ, ಹಾಯಿದೋಣಿಯವರ ಭಾಷೆಯಲ್ಲಿ ಸೆಂಟರ್‌ಬೋರ್ಡ್. ಒಂದು ಬೋಲ್ಟಿನ ಮೇಲೆ ತಿರುಗಿ ಇಳಿಯುವುದು ಸೆಂಟರ್‌ಬೋರ್ಡ್, ಕತ್ತಿಯ ಹಾಗೆ ನೇರವಾಗಿ ಮೇಲಿನಿಂದ ಇಳಿಸುವುದು ಡ್ಯಾಗರ್‌ಬೋರ್ಡ್. ಎರಡರ ಕೆಲಸವೂ ಒಂದೇ.

ಮನೆಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಒದ್ದೆಯಾದ ಹಲಸಿನ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ. ಒತ್ತುವುದು ಪಕ್ಕದಿಂದ, ಆದರೆ ಬೀಜ ಮುಂದಕ್ಕೆ ಚಿಮ್ಮುತ್ತದೆ. ಹಾಯಿಯ ಮೇಲೆ ಗಾಳಿಯ ಒತ್ತಡ ಒಂದು ಬೆರಳು, ಹಲಗೆಯ ಮೇಲೆ ನೀರಿನ ಒತ್ತಡ ಇನ್ನೊಂದು ಬೆರಳು. ದೋಣಿ ಅವೆರಡರ ಮಧ್ಯದ ಬೀಜ. ಒಂದು ಬೆರಳು ತೆಗೆದುಬಿಟ್ಟರೆ ಬೀಜ ಬರೀ ಪಕ್ಕಕ್ಕೆ ಬೀಳುತ್ತದೆ, ಅಷ್ಟೇ.

ಇಂಥ ಹಲಗೆ ಹೊಸ ಬುದ್ಧಿಯೇನಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯ ಜನ ಬಾಲ್ಸಾ ಮರದ ತೆಪ್ಪದ ಸಂದುಗಳಲ್ಲಿ ಹಲಗೆಗಳನ್ನು ಇಳಿಸಿ ಕಡಲಿಗೆ ಹೋಗುತ್ತಿದ್ದರು. ಅಮೆರಿಕದಲ್ಲಿ ತಿರುಗುವ ಸೆಂಟರ್‌ಬೋರ್ಡಿಗೆ ಪೇಟೆಂಟ್ ಸಿಕ್ಕಿದ್ದು 1811ರಲ್ಲಿ.

ನಮ್ಮ ಮಂಜಿಗೆ ಹಲಗೆ ಯಾಕೆ ಬೇಕಾಗಲಿಲ್ಲ?

ನಮ್ಮ ಕರಾವಳಿಯ ಮಂಜಿ, ಪತ್ತೆಮಾರಿಗಳಿಗೆ ಇಂಥ ನಡುಹಲಗೆ ಇರಲಿಲ್ಲ. ಅವುಗಳ ತಳದಲ್ಲಿ ಬೆನ್ನೆಲುಬಿನ ಹಾಗೆ ಉದ್ದಕ್ಕೂ ಒಂದು ದಪ್ಪ ಅಡಿಮರ ಇರುತ್ತಿತ್ತು. ಇಂಗ್ಲಿಷಿನವರು ಕೀಲ್ ಅನ್ನುವುದು ಅದಕ್ಕೇ. ಆ ಅಡಿಮರ, ನೀರಿನೊಳಗೆ ಆಳಕ್ಕೆ ಕೂರುವ ಮೈ, ಜೊತೆಗೆ ಒಳಗೆ ತುಂಬಿದ ಸರಕಿನ ಭಾರ, ಈ ಮೂರೂ ಸೇರಿ ಹಡಗನ್ನು ಅಡ್ಡ ಜಾರದಂತೆ ಹಿಡಿಯುತ್ತಿದ್ದವು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹೆಂಚು ಹಡಗು ಹತ್ತಿ ದೂರದೂರದ ರೇವುಗಳಿಗೆ ಹೋಯಿತು. ಹೆಂಚು ಮಾರುವ ಸರಕೂ ಹೌದು, ಹಡಗಿನ ಹೊಟ್ಟೆಗೆ ಬೇಕಾದ ಭಾರವೂ ಹೌದು.

ಕಡಲ ವ್ಯಾಪಾರ ನಮ್ಮವರ ರಕ್ತದಲ್ಲೇ ಇದೆ ಅನ್ನುವ ಮಾತಿಗೆ ಚರಿತ್ರೆಯ ಸಾಕ್ಷಿಯೂ ಇದೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದರು ಅಂತ ಬರೆದಿದ್ದಾನೆ. ಅಮಿನ್‌ದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ಕೊಬ್ಬರಿ, ಇಲ್ಲಿಂದ ಅಕ್ಕಿ, ನಡುವೆ ಹಾಯಿಹಡಗು.

ಹಳೆಯ ನೌಕಾವಿದ್ಯೆಯ ಬಗ್ಗೆ ಈಗ ದೇಶಕ್ಕೇ ಮತ್ತೆ ಆಸಕ್ತಿ ಬಂದಿದೆ. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ 'ಕೌಂಡಿನ್ಯ' ಹಡಗನ್ನು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿಸಿದರು. ಹೊಲಿದು ಹಡಗು ಕಟ್ಟುವ ಕಲೆ ಒಂದು ಕಾಲದಲ್ಲಿ ಅರಬ್ಬೀ ಸಮುದ್ರದ ಎರಡೂ ದಡದವರಿಗೆ ಗೊತ್ತಿತ್ತು.

ನೇರ ಹೋಗದ ದೋಣಿ

ಈಗ ಲಿಂಗಸುಗೂರಿಗೆ ಬನ್ನಿ. ಅಲ್ಲಿನ ಕೃಷ್ಣೆಯಲ್ಲಿ ಕೀಲೂ ಇಲ್ಲ, ಸೆಂಟರ್‌ಬೋರ್ಡೂ ಇಲ್ಲ. ಅಲ್ಲಿರುವುದು ಹರಿಗೋಲು. ಕೆಲವರು ತೆಪ್ಪ ಅನ್ನುತ್ತಾರೆ, ತೆಲುಗು ಸೀಮೆಯ ಕಡೆಗೆ ಹೋದರೆ ಪುಟ್ಟಿ. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ದೊಡ್ಡ ಬುಟ್ಟಿ ಅದು. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಅಥವಾ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ಒಬ್ಬ ಗಂಡಸು ಅದನ್ನು ತಲೆಯ ಮೇಲೆ ಕೊಡೆಯ ಹಾಗೆ ಮಗುಚಿ ಹೊತ್ತುಕೊಂಡು ಹೊಳೆಗೆ ಹೋಗಬಹುದು.

ಈ ದೋಣಿಯ ಗುಣವನ್ನು ಐನೂರು ವರ್ಷದ ಹಿಂದೆಯೇ ಒಬ್ಬ ಪರದೇಶಿ ಗುರುತಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಈ ದೋಣಿಗಳನ್ನು ನೋಡಿ ಬರೆದಿಟ್ಟ. ಬುಟ್ಟಿಯ ಹಾಗೆ ದುಂಡಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಕುದುರೆ ಎತ್ತುಗಳನ್ನೂ ದಾಟಿಸುತ್ತವೆ ಅಂತ. ಇವು ಬೇರೆ ದೋಣಿಗಳ ಹಾಗೆ ನೇರ ಹೋಗಲಾರವು, ಯಾವಾಗಲೂ ಸುತ್ತುತ್ತಲೇ ಇರುತ್ತವೆ ಅನ್ನುವುದನ್ನೂ ಅವನು ಗಮನಿಸಿದ. ನಡುಹಲಗೆ ಇಲ್ಲದ ದೋಣಿಯ ಕಥೆ ಇಷ್ಟೇ. ನೀರು ಅದನ್ನು ಯಾವ ಕಡೆಯಿಂದ ಬೇಕಾದರೂ ತಳ್ಳಬಹುದು, ಸುತ್ತಿಸಬಹುದು, ಯಾಕೆಂದರೆ ಅದಕ್ಕೆ ಮುಂದು ಹಿಂದು ಅಂತಲೇ ಇಲ್ಲ.

ಹಾಗಾದರೆ ಅಲ್ಲಿನವರಿಗೆ ದೋಣಿ ಕಟ್ಟುವ ಬುದ್ಧಿ ಕಡಿಮೆ ಅಂತಲೇ? ಖಂಡಿತ ಅಲ್ಲ. ಆ ಸೀಮೆಯ ಹೊಳೆಯ ಪಾತ್ರ ತುಂಬಾ ಬಂಡೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮಳೆಗಾಲದಲ್ಲಿ ಪ್ರವಾಹ. ಅಲ್ಲಿ ಅಡಿಮರ ಇರುವ ದೋಣಿ ಇಳಿಸಿದರೆ ಮೊದಲ ಬಂಡೆಗೇ ಸಿಕ್ಕಿ ನಿಲ್ಲುತ್ತದೆ, ಉದ್ದ ನಡುಹಲಗೆ ಆದರೆ ಮುರಿಯುತ್ತದೆ. ಹರಿಗೋಲು ಗೇಣುದ್ದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಬಿದಿರು ಸ್ವಲ್ಪ ಬಾಗಿ ಜಾರಿ ಹೋಗುತ್ತದೆ. ಆಯಾ ನೀರಿಗೆ ಆಯಾ ದೋಣಿ. ಹಲಗೆ ಮಾಡಬೇಕಾದ ಕೆಲಸವನ್ನು ಅಲ್ಲಿ ಅಂಬಿಗನ ಕೈ ಮಾಡುತ್ತದೆ. ಅವನು ಮುಂದೆ ಕೂತು ಹುಟ್ಟನ್ನು ತನ್ನ ಕಡೆಗೆ ಎಳೆಯುತ್ತಾನೆ, ಎಡ ಬಲ ಸರಿದೂಗಿಸುತ್ತಾನೆ, ಹೊಳೆಯ ಸೆಳವು ನೋಡಿ ಮೇಲಿನಿಂದ ಓರೆಯಾಗಿ ಬಿಟ್ಟು ಕೆಳಗಿನ ದಡ ಹಿಡಿಯುತ್ತಾನೆ. ವಚನಕಾರ ಅಂಬಿಗರ ಚೌಡಯ್ಯನ ಕಸುಬು ಇದೇ.

ಅಂದರೆ ಹರಿಗೋಲಿನಲ್ಲಿ ನಿಮ್ಮ ಜೀವ ನಿಂತಿರುವುದು ಎರಡರ ಮೇಲೆ. ಒಂದು ಅಂಬಿಗನ ಕೈ, ಇನ್ನೊಂದು ತಳದ ಡಾಂಬರು. ಡಾಂಬರು ಬಿಸಿಲಿಗೆ ಬಿರುಕು ಬಿಡುತ್ತದೆ. ಬಂಡೆಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ತೆಳುವಾಗುತ್ತದೆ. ಒಳಗಿನ ಬಿದಿರು ನೀರು ಕುಡಿದು ಕೊಳೆಯುತ್ತದೆ, ಬಾಯಿಯ ಅಂಚಿನ ಕಟ್ಟು ಸಡಿಲವಾಗುತ್ತದೆ. ಬಳಸದಾಗ ಮಗುಚಿ ನೆರಳಿನಲ್ಲಿಡಬೇಕು, ಮಳೆಗಾಲಕ್ಕೆ ಮೊದಲು ಹೊಸದಾಗಿ ಡಾಂಬರು ಹಾಕಬೇಕು, ಬಿದಿರು ಹೋಗಿದ್ದರೆ ಹೊಸ ಹರಿಗೋಲನ್ನೇ ಹೆಣೆಯಬೇಕು.

ನಡುಗಡ್ಡೆಯ ಮಳೆಗಾಲ

ಲಿಂಗಸುಗೂರು ತಾಲೂಕಿನ ಕರಕಲಗಡ್ಡಿ, ಮಾದರಗಡ್ಡಿ, ವೆಂಕಮ್ಮನಗಡ್ಡಿಯ ಹೆಸರುಗಳು ಪ್ರತಿ ಮಳೆಗಾಲದಲ್ಲೂ ಪತ್ರಿಕೆಯಲ್ಲಿ ಬರುತ್ತವೆ. ನಾರಾಯಣಪುರ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ. ಜಲದುರ್ಗದ ಕಡೆಯ ಹಳ್ಳಿಗಳಿಗೆ ಸುತ್ತುಬಳಸಿನ ದಾರಿಯೇ ಗತಿ. ನಡುಗಡ್ಡೆಯವರಿಗಂತೂ ಆ ದಾರಿಯೂ ಇರುವುದಿಲ್ಲ. ಹೊಳೆಗೆ ಇಳಿಯಬೇಡಿ ಅಂತ ಆಡಳಿತ ಡಂಗುರ ಸಾರುತ್ತದೆ. ಸಾರುವುದು ಸರಿಯೇ. ಆದರೆ ಮನೆಯಲ್ಲಿ ಹಿಟ್ಟು ಮುಗಿದಾಗ, ಮಗುವಿಗೆ ಜ್ವರ ಬಂದಾಗ, ದನಕ್ಕೆ ಮೇವಿಲ್ಲದಾಗ ಮನುಷ್ಯ ಹರಿಗೋಲು ಹೊರುತ್ತಾನೆ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲೂಕಿನ ಕುರ್ವಕುರ್ದಾ ನಡುಗಡ್ಡೆಯ ಬಳಿ, ತೆಲಂಗಾಣದ ದಡದಿಂದ ವಾಪಸಾಗುತ್ತಿದ್ದ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು.

ಇದು ಬರೀ ಆ ಕಡೆಯ ಸಂಕಟ ಅಂತ ನಾವು ತಿಳಿಯಬೇಕಾಗಿಲ್ಲ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ತೀರಿಕೊಂಡದ್ದು ಯಾರಿಗೆ ನೆನಪಿಲ್ಲ? ಒಂದೇ ಕುಟುಂಬದ 11 ಮಂದಿ ಅದರಲ್ಲಿದ್ದರು. ಅದು ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿ ಮಾಡಿದ ವಿಹಾರ ದೋಣಿ. ಮೀನಿನ ದೋಣಿಯ ಮೇಲೆ ಮಹಡಿ ಕಟ್ಟಿ ಜನ ಹತ್ತಿಸಿದರೆ ಭಾರವೆಲ್ಲ ಮೇಲಾಗುತ್ತದೆ, ಎಲ್ಲರೂ ಒಂದು ಕಡೆಗೆ ಸರಿದರೆ ಸಾಕು. ನೀರಿನ ಮೇಲೆ ಅಂದ, ನೀರಿನ ಕೆಳಗೆ ತೂಕವಿಲ್ಲ. ಆವತ್ತು ಕರಾವಳಿಯ ಎಷ್ಟೋ ಮನೆಗಳಲ್ಲಿ ಉಮ್ಮಂದಿರು ಟಿವಿ ಮುಂದೆ ಕೂತು ಅತ್ತಿದ್ದರು.

ಮಗುಚಿದರೆ ಎದ್ದು ನಿಲ್ಲಿಸುವ ಹಲಗೆ

ಸಣ್ಣ ಹಾಯಿದೋಣಿಯ ನಡುಹಲಗೆಗೆ ಇನ್ನೊಂದು ಕೆಲಸವಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಜೋರು ಗಾಳಿಗೆ ದೋಣಿ ಪಕ್ಕಕ್ಕೆ ಮಗುಚಿದಾಗ ಈ ಹಲಗೆ ನೀರಿನ ಮೇಲೆ ಅಡ್ಡಕ್ಕೆ ಚಾಚಿಕೊಂಡಿರುತ್ತದೆ. ನೀರಿಗೆ ಬಿದ್ದವರು ಈಜಿ ಹೋಗಿ ಆ ಹಲಗೆಯ ಮೇಲೆ ಹತ್ತಿ, ದೋಣಿಯ ಅಂಚು ಹಿಡಿದು ಹಿಂದಕ್ಕೆ ವಾಲಿದರೆ ದೋಣಿ ನಿಧಾನಕ್ಕೆ ಎದ್ದು ನಿಲ್ಲುತ್ತದೆ. ಹನ್ನೆರಡು ವರ್ಷದ ಹುಡುಗಿ ಕೂಡ ಒಬ್ಬಳೇ ಇದನ್ನು ಮಾಡಬಹುದು.

ಲೋಕದಾದ್ಯಂತ ಮಕ್ಕಳು ಹಾಯಿ ಕಲಿಯುವುದು ಆಪ್ಟಿಮಿಸ್ಟ್ ಅನ್ನುವ ಪುಟ್ಟ ದೋಣಿಯಲ್ಲಿ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅದನ್ನು ರೂಪಿಸಿದ. ಏಳೂಮುಕ್ಕಾಲು ಅಡಿ ಉದ್ದ, 35 ಕೆ.ಜಿ. ತೂಕ, ಒಂದು ಹಾಯಿ, ಒಂದು ಡ್ಯಾಗರ್‌ಬೋರ್ಡ್, ಒಂದು ಚುಕ್ಕಾಣಿ. ಹದಿನೈದರ ಒಳಗಿನವರಿಗೆ ಮಾಡಿದ್ದು. ಸಿಂಧನೂರಿನವರಿಗೆ ಇದನ್ನು ನೋಡಲು ಕಡಲಿಗೇ ಬರಬೇಕು ಅಂತಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲೇ ಇದೆ. ಕುತುಬ್‌ಶಾಹಿಗಳ ಕಾಲದ ಆ ಕೆರೆಯಲ್ಲಿ ಸುಹೇಮ್ ಶೇಖ್ ಅವರು 2009ರಲ್ಲಿ ಆರಂಭಿಸಿದ ಯಾಟ್ ಕ್ಲಬ್ ಆಫ್ ಹೈದರಾಬಾದ್ ಬಡ ಮನೆಯ ಮಕ್ಕಳಿಗೆ ಹಾಯಿ ಕಲಿಸುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಇದು ದೊಡ್ಡವರ ಮಕ್ಕಳ ಆಟ ಅಂತ ನಾವು ದೂರ ಇಟ್ಟರೆ ನಷ್ಟ ನಮಗೇ. ಗಾಳಿ ನೋಡಿ ದಾರಿ ಹಿಡಿಯುವ ವಿದ್ಯೆ ಒಂದು ಕಾಲದಲ್ಲಿ ನಮ್ಮ ಬಂದರಿನವರ ಕೈಯಲ್ಲೇ ಇತ್ತು.

ಅಲ್ಲಿ ಮಕ್ಕಳಿಗೆ ಮೊದಲ ದಿನಗಳಲ್ಲೇ ಕಲಿಸುವ ಒಂದು ಕಟ್ಟುನಿಟ್ಟು ಇದೆ. ಡ್ಯಾಗರ್‌ಬೋರ್ಡನ್ನು ದೋಣಿಗೆ ಹಗ್ಗದಿಂದಲೋ ರಬ್ಬರಿನಿಂದಲೋ ಕಟ್ಟಿರಬೇಕು. ಕಟ್ಟದಿದ್ದರೆ ದೋಣಿ ಪೂರ್ತಿ ತಲೆಕೆಳಗಾದಾಗ ಹಲಗೆ ಸೀಳಿನಿಂದ ಜಾರಿ ನೀರಿಗೆ ಬೀಳುತ್ತದೆ. ಆಮೇಲೆ ಹತ್ತಿ ನಿಲ್ಲಲು ಏನೂ ಇರುವುದಿಲ್ಲ. ಎರಡು ರೂಪಾಯಿಯ ಹಗ್ಗದ ಲೆಕ್ಕ ಅದು.

ಹಲಗೆಯ ಆರೈಕೆ

ನಡುಹಲಗೆ ಹಾಳಾಗುವುದು ಒಂದೇ ದಿನದಲ್ಲಲ್ಲ. ಮರಳಿಗೆ ತಾಗಿ ತುದಿಯ ಬಣ್ಣ ಹೋಗುತ್ತದೆ. ಬಣ್ಣ ಹೋದಲ್ಲಿ ನೀರು ಒಳಗಿಳಿಯುತ್ತದೆ. ಮರ ನೀರು ಕುಡಿದು ಊದುತ್ತದೆ, ಊದಿದ ಹಲಗೆ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ. ತಿರುಗುವ ಹಲಗೆಯಾದರೆ ಅದರ ಬೋಲ್ಟ್ ಸವೆಯುತ್ತದೆ, ತೂತು ಅಗಲವಾಗುತ್ತದೆ, ಹಲಗೆ ಗಡಗಡ ಅಲ್ಲಾಡುತ್ತದೆ, ಆ ತೂತಿನಿಂದ ದೋಣಿಯೊಳಗೆ ನೀರು ಜಿನುಗುತ್ತದೆ. ಸೀಳಿನ ಪೆಟ್ಟಿಗೆಯೊಳಗೆ ಸಣ್ಣ ಕಲ್ಲು, ಚಿಪ್ಪು ಹೊಕ್ಕಿದರೂ ಕಥೆ ಮುಗಿಯಿತು.

ಅದಕ್ಕೆ ವರ್ಷಕ್ಕೊಮ್ಮೆಯಾದರೂ ಹಲಗೆಯನ್ನು ಪೂರ್ತಿ ಹೊರಗೆ ತೆಗೆಯಬೇಕು. ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಹಲವು ದಿನ ಒಣಗಿಸಬೇಕು. ಬಿಸಿಲಿಗೆ ಒರಗಿಸಿಟ್ಟರೆ ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿ, ಚಕ್ಕೆ ಎದ್ದ ಕಡೆ ಎಪಾಕ್ಸಿ ತುಂಬಿ, ಮತ್ತೆ ಉಜ್ಜಿ, ಬಣ್ಣವೋ ವಾರ್ನಿಶೋ ಹಾಕಬೇಕು. ನೀರನ್ನು ಸೀಳುವ ಮುಂದಿನ ಅಂಚು ದುಂಡಗಿರಬೇಕು, ಹಿಂದಿನ ಅಂಚು ಮೀನಿನ ಬಾಲದ ಕಡೆಗೆ ಹೋದ ಹಾಗೆ ತೆಳ್ಳಗಾಗಬೇಕು. ಬೋಲ್ಟ್ ಬಿಚ್ಚಿ ನೋಡಿ, ಸವೆದಿದ್ದರೆ ಬದಲಿಸಬೇಕು, ಅದರ ರಬ್ಬರ್ ವಾಷರನ್ನೂ ಸೇರಿಸಿ. ಎತ್ತಿ ಇಳಿಸುವ ಹಗ್ಗ ನಾರು ಬಿಟ್ಟಿದ್ದರೆ ಅದನ್ನೂ ಬದಲಿಸಬೇಕು.

ಹಲಗೆಗೆ ಬಿರುಕು ಬಿಟ್ಟಿದ್ದರೆ, ಒಳಗಿನ ಮರ ಮೆತ್ತಗಾಗಿದ್ದರೆ ತೇಪೆ ಹಾಕಿ ಪ್ರಯೋಜನವಿಲ್ಲ, ಹೊಸದೇ ಆಗಬೇಕು. ಹಳೆಯ ಹಲಗೆಯನ್ನು ಬಿಸಾಡುವ ಮೊದಲು ಅದನ್ನೇ ಅಚ್ಚಾಗಿಟ್ಟು ಹೊಸದರ ಗೆರೆ ಎಳೆದುಕೊಳ್ಳಬೇಕು. ಒಂದೇ ಅಗಲದ ಮರಕ್ಕಿಂತ ಮರದ ಪಟ್ಟಿಗಳನ್ನು, ಒಂದರ ಎಳೆ ಆ ಕಡೆ ಒಂದರ ಎಳೆ ಈ ಕಡೆ ಬರುವಂತೆ, ಅಂಟಿಸಿ ಮಾಡಿದ ಹಲಗೆ ಸೊಟ್ಟಗಾಗುವುದಿಲ್ಲ. ಮೆರೈನ್ ಪ್ಲೈವುಡ್ಡಿನಿಂದಲೂ ಮಾಡುತ್ತಾರೆ. ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ ಎಪಾಕ್ಸಿ ಹಾಕಿದರೆ ಗಟ್ಟಿ. ಆ ಬಟ್ಟೆ, ಬಣ್ಣದ ದಪ್ಪವನ್ನು ಮೊದಲೇ ಲೆಕ್ಕ ಹಿಡಿದು ಮರವನ್ನು ಅಷ್ಟು ತೆಳ್ಳಗೆ ತೋಪಡಾ ಹೊಡೆಯಬೇಕು, ಇಲ್ಲದಿದ್ದರೆ ಕೆಲಸವೆಲ್ಲ ಮುಗಿದ ಮೇಲೆ ಹಲಗೆ ಸೀಳಿನೊಳಗೆ ಹೋಗುವುದಿಲ್ಲ. ಬೋಲ್ಟಿನ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯುತ್ತಾರೆ. ಆಗ ಬೋಲ್ಟಿಗೂ ಮರಕ್ಕೂ ಮಧ್ಯೆ ನೀರು ಹೋಗದ ಒಂದು ಬಳೆ ನಿಲ್ಲುತ್ತದೆ. ಒಳ್ಳೆಯ ಮರಗೆಲಸದವರು ಎಲ್ಲ ಊರಿನಲ್ಲೂ ಇದ್ದಾರೆ, ಬಾಗಿಲು ಚೌಕಟ್ಟು ಮಾಡುವವರಿಗೆ ಇದು ಕಷ್ಟದ್ದೇನಲ್ಲ.

ಹತ್ತೊಂಬತ್ತನೇ ಗೇಟು

ಸಿಂಧನೂರು, ಮಸ್ಕಿಯ ರೈತರಿಗೆ ಸೀಳು, ಹಲಗೆ ಅಂದರೆ ಬೇರೆಯೇ ನೆನಪಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ಆ ಸೀಮೆಯ ಭತ್ತ. ನಮ್ಮ ಅಡುಗೆಮನೆಗೆ ಬರುವ ಸೋನಾ ಮಸೂರಿಯಲ್ಲಿ ಆ ಗದ್ದೆಗಳ ಪಾಲೂ ಇದೆ. 1953ರಲ್ಲಿ ಮುಗಿದ ಆ ಅಣೆಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಸುಮಾರು 105 ಟಿಎಂಸಿ ನೀರು ತುಂಬಿ ನಿಂತಿದ್ದ ಹೊತ್ತು ಅದು. ಒಂದು ಗೇಟಿನ ಜಾಗದಿಂದ ರೈತರ ಬೆಳೆಯೇ ಹರಿದು ಹೋಗುತ್ತಿದ್ದುದನ್ನು ಜನ ಕಣ್ಣಾರೆ ಕಂಡರು.

ಆಮೇಲೆ ಮಾಡಿದ್ದೇನು? ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ಮಧ್ಯೆಯೇ, ಗೇಟಿನ ಸೀಳಿನೊಳಗೆ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ಸ್ಟಾಪ್‌ಲಾಗ್ ಅಂತ ಅದರ ಹೆಸರು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ಮರುದಿನಕ್ಕೆ ಐದೂ ಕೂತು ನೀರು ನಿಂತಿತು. ಆವತ್ತು ಆ ಕೆಲಸಗಾರರು ಜೀವ ಪಣಕ್ಕಿಟ್ಟು ದುಡಿದದ್ದನ್ನು ಇಡೀ ರಾಜ್ಯ ನೋಡಿತು. ಆದರೆ ತಾತ್ಕಾಲಿಕ ಹಲಗೆ ತಾತ್ಕಾಲಿಕವೇ. ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಎಲ್ಲ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಆ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡದಿರಲು ನಿರ್ಧರಿಸಬೇಕಾಯಿತು. ನೀರಿನಡಿಯ ಕಬ್ಬಿಣವನ್ನು ಸಕಾಲಕ್ಕೆ ನೋಡದಿದ್ದರೆ ಬೆಲೆ ಕೊಡುವುದು ಯಾರು? ಗದ್ದೆ ಹೊಂದಿದವನು ಒಂದು ಬೆಳೆ ಕೊಡುತ್ತಾನೆ. ಗದ್ದೆಯಿಲ್ಲದೆ ಕೂಲಿಗೆ ಹೋಗುವ ಹೆಣ್ಣುಮಗಳು ಒಂದು ಹಂಗಾಮಿನ ಕೂಲಿ ಕೊಡುತ್ತಾಳೆ. ನಂಬಿ ಕೂತ ಅಂಗಡಿ, ಹೋಟೆಲು, ಅಕ್ಕಿ ಗಿರಣಿಗಳೆಲ್ಲ ಅದರ ಹಿಂದೆಯೇ.

ಕಹ್ಫ್‌ನ ದೋಣಿ

ಶುಕ್ರವಾರ ಸೂರತುಲ್ ಕಹ್ಫ್ ಓದುವ ಮನೆಗಳಿಗೆ ಒಂದು ದೋಣಿಯ ಕಥೆ ಗೊತ್ತೇ ಇದೆ. ಮೂಸಾ ನಬಿ ಮತ್ತು ಖಿಳ್ರ್ ಅವರು ಹತ್ತಿದ ದೋಣಿ ಅದು. ಖಿಳ್ರ್ ಅದಕ್ಕೆ ಹಾನಿ ಮಾಡಿದರು, ಹದೀಸಿನ ವಿವರದಲ್ಲಿ ಅದರ ಒಂದು ಹಲಗೆಯನ್ನೇ ಕಿತ್ತರು ಅಂತ ಬರುತ್ತದೆ. ಹತ್ತಿಸಿಕೊಂಡವರ ದೋಣಿಯನ್ನೇ ಕೆಡಿಸುತ್ತೀರಾ ಅಂತ ಮೂಸಾ ನಬಿ ಆಕ್ಷೇಪಿಸಿದರು. ಒಳ್ಳೆಯ ದೋಣಿಗಳನ್ನೆಲ್ಲ ಕಿತ್ತುಕೊಳ್ಳುವ ರಾಜ ಮುಂದಿದ್ದ, ಕೆಟ್ಟ ದೋಣಿಯಾದರೆ ಅವನು ಬಿಟ್ಟುಬಿಡುತ್ತಾನೆ ಅನ್ನುವ ಕಾರಣ ಆಮೇಲೆ ತಿಳಿಯಿತು. ನಾವು ಸಾಮಾನ್ಯವಾಗಿ ಇಲ್ಲಿ ತಾಳ್ಮೆಯ ಪಾಠ ತೆಗೆಯುತ್ತೇವೆ. ಆ ದೋಣಿಯ ಮಾಲಕರು ಯಾರು ಅನ್ನುವುದನ್ನೂ ಗಮನಿಸಬೇಕು. ಅವರು ಸಮುದ್ರದಲ್ಲಿ ದುಡಿಯುವ ಬಡವರು. ಒಂದು ಹಲಗೆ ಹೋದರೂ ಮತ್ತೆ ಕೂರಿಸಬಹುದು, ದೋಣಿಯೇ ಹೋದರೆ ಬಡವನ ಅನ್ನವೇ ಹೋಯಿತು. ಕೃಷ್ಣೆಯ ನಡುಗಡ್ಡೆಯವನ ಹರಿಗೋಲೂ ಅಂಥದ್ದೇ.

ಇನ್ನೊಂದು ಹದೀಸನ್ನು ಮದ್ರಸದ ಮಕ್ಕಳೂ ಹೇಳುತ್ತಾರೆ. ಹಡಗಿನ ಕೆಳ ಅಂತಸ್ತಿನವರು ಮೇಲೆ ಹೋಗಿ ನೀರು ತರುವ ತೊಂದರೆ ಯಾಕೆ ಅಂತ ತಮ್ಮ ಪಾಲಿನ ತಳದಲ್ಲೇ ತೂತು ಕೊರೆಯಲು ಹೊರಟರೆ, ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಇದನ್ನು ನಾವು ಬರೀ ಉಪಮೆಯಾಗಿ ಕೇಳಿ ಬಿಟ್ಟಿದ್ದೇವೆ. ಲೈಫ್ ಜಾಕೆಟ್ ಇಲ್ಲದ ದೋಣಿಗೆ ಹತ್ತು ಜನರ ಜಾಗದಲ್ಲಿ ಹದಿನೈದು ಜನ ಹತ್ತುವಾಗ 'ಇದು ಬೇಡ' ಅಂತ ಒಬ್ಬರು ಹೇಳಿದರೆ, ಅದೂ ಆ ಹದೀಸಿನ ಪಾಲನೆಯೇ. ಹೇಳಿದವನನ್ನು 'ಹೆದರುಪುಕ್ಕಲ' ಅಂತ ನಗುವುದನ್ನು ಮೊದಲು ನಿಲ್ಲಿಸಬೇಕು.

ಹತ್ತುವ ಮೊದಲು

ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಕೆಲವು ಮಾತು. ಹರಿಗೋಲಾದರೆ ಮಗುಚಿಟ್ಟಿರುವಾಗಲೇ ತಳ ನೋಡಿ. ಡಾಂಬರು ಬಿರುಕು ಬಿಟ್ಟು ಬಿದಿರು ಕಾಣುತ್ತಿದ್ದರೆ ಹತ್ತಬೇಡಿ. ಒಳಗೆ ನೀರು ನಿಂತಿದ್ದರೆ ಕಾರಣ ಕೇಳಿ. ಕೂತ ಮೇಲೆ ಸುತ್ತಲೂ ಸಮನಾಗಿ ಕೂರಿ, ಸೆಲ್ಫಿಗೆ ಅಂತ ಎಲ್ಲರೂ ಒಂದು ಬದಿಗೆ ಏಳಬೇಡಿ. ಹರಿಗೋಲನ್ನು ಗಿರ್ರನೆ ಸುತ್ತಿಸಿ ಮೋಜು ಮಾಡಿಸಿ ಅಂತ ಅಂಬಿಗನನ್ನು ಪೀಡಿಸಬೇಡಿ. ಸುತ್ತುವುದು ಅದರ ದೌರ್ಬಲ್ಯ, ಅದನ್ನು ನೇರ ಒಯ್ಯುವುದೇ ಅವನ ಜಾಣತನ. ಹೆಣ್ಣುಮಕ್ಕಳು ಬುರ್ಖಾದ ಮೇಲೆಯೇ ಲೈಫ್ ಜಾಕೆಟ್ ಹಾಕಿ ಪಟ್ಟಿ ಬಿಗಿಸಿಕೊಳ್ಳಿ, ಒಳಗೆ ಹಾಕಿ ಮೇಲೆ ಬಟ್ಟೆ ಹೊದ್ದರೆ ಪ್ರಯೋಜನವಿಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರೂ ಅದಕ್ಕೆ ಅದರ ಅಳತೆಯ ಜಾಕೆಟ್ ಬೇರೆ ಬೇಕು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ ಅಂತ ಊರವರು ಹೇಳಿದರೆ ಹೊಳೆಯ ಹತ್ತಿರಕ್ಕೂ ಹೋಗಬೇಡಿ.

ಜಮಾಅತ್‌ಗಳಿಗೂ ಒಂದು ಮಾತು. ಪ್ರತಿ ವರ್ಷ ಸಮುದಾಯದ ಸಂಘಟನೆಗಳು ಎಷ್ಟೋ ಒಳ್ಳೆಯ ಕೆಲಸ ಮಾಡುತ್ತವೆ, ರಕ್ತದಾನ, ಸಾಮೂಹಿಕ ವಿವಾಹ, ಪುಸ್ತಕ ವಿತರಣೆ. ಅದರ ಜೊತೆ ಮಳೆಗಾಲಕ್ಕೆ ಮೊದಲು ಮಕ್ಕಳಿಗೆ ಈಜು ಕಲಿಸುವ ಶಿಬಿರ ಒಂದಿರಲಿ. ನಬಿಯವರ ಸಹಾಬಿ ಉಮರ್ ಅವರು ಮಕ್ಕಳಿಗೆ ಈಜು ಕಲಿಸಿ ಅಂದರು ಅಂತ ನಮ್ಮ ಉಸ್ತಾದರು ಭಾಷಣದಲ್ಲಿ ಹೇಳುತ್ತಲೇ ಇರುತ್ತಾರೆ. ಆ ಮಾತು ಪಳ್ಳಿಯ ಮೈಕಿನಿಂದ ಕೆರೆಯ ಮೆಟ್ಟಿಲಿಗೆ ಇಳಿಯಲಿ. ಆ ಸೀಮೆಗೆ ವ್ಯಾಪಾರಕ್ಕೆ ಹೋದ ನಮ್ಮವರು ನಡುಗಡ್ಡೆಯ ಮನೆಗಳಿಗೆ ಮಳೆಗಾಲದ ಮೊದಲು ನಾಲ್ಕು ಲೈಫ್ ಜಾಕೆಟ್ ಕೊಡಿಸಿದರೆ, ಅಕ್ಕಿಯ ಕಿಟ್ಟಿನಷ್ಟೇ ದೊಡ್ಡ ಸದಕ ಅದು.

ದೋಣಿಗೆ ಬಣ್ಣ ಬಳಿಯುವವರು ಬಹಳ ಜನ. ಅದನ್ನು ಮಗುಚಿ ಹಾಕಿ ತಳ ನೋಡುವವರು ಕಡಿಮೆ. ಈ ಮಳೆಗಾಲಕ್ಕೆ ಮೊದಲು, ನಿಮ್ಮದು ಮೀನಿನ ದೋಣಿಯಾಗಲಿ, ಹರಿಗೋಲಾಗಲಿ, ಮಕ್ಕಳ ಹಾಯಿದೋಣಿಯಾಗಲಿ, ಒಮ್ಮೆ ಮಗುಚಿ ನೋಡಿ.